ಚಿಹ್ನೆ ಬದಲಾದ್ರೆ ಓಟೂ ಬದಲಾಗುತ್ತಾ? ಗೋಕಾಕ, ಮೂಡಲಗಿ, ಹುಕ್ಕೇರಿಯ ಲೆಕ್ಕ

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂತು ಅಂದ್ರೆ ‘ಇಲೆಕ್ಟಬಿಲಿಟಿ’ ಅನ್ನೋ ಪದ ಕೇಳ್ತೀರಿ. ಅಭ್ಯರ್ಥಿ ಒಳ್ಳೆಯವರಾ ಅನ್ನೋದಲ್ಲ, ಗೆಲ್ತಾರಾ ಅನ್ನೋ ಪ್ರಶ್ನೆ ಅದು. ನಮ್ಮಲ್ಲಿ ಇದಕ್ಕೆ ಗೆಲ್ಲೋ ಕುದುರೆ ಅಂತೀವಿ. ಆ ಕುದುರೆ ಲಾಯ ಬದಲಿಸಿದ್ರೆ ಓಟುಗಳೂ ಹಿಂದೆ ಬರ್ತಾವಾ? ಇವತ್ತು ಬೆಳಗಾವಿ ಜಿಲ್ಲೆಯ ಮೂರು ತಾಲ್ಲೂಕುಗಳನ್ನ ಇಟ್ಕೊಂಡು ಇದನ್ನ ನೋಡೋಣ.

ಮೊದಲು ಹುಕ್ಕೇರಿ. ಉಮೇಶ ಕತ್ತಿ 1985ರಲ್ಲಿ ಜನತಾ ಪಕ್ಷದಿಂದ ಶುರು ಮಾಡಿ, ಜನತಾ ದಳ, ಜೆಡಿಯು, ಜೆಡಿಎಸ್ ದಾಟಿ ಬಿಜೆಪಿಗೆ ಬಂದವರು. ಹೆಚ್ಚು ಕಡಿಮೆ ಎಲ್ಲ ಕಡೆಯೂ ಗೆದ್ದರು. 2004ರಲ್ಲಿ ಮಾತ್ರ ಬಿಜೆಪಿಯ ಶಶಿಕಾಂತ ನಾಯಿಕ ಎದುರು ಸೋತರು. ನಾಲ್ಕು ವರ್ಷ ಆದ್ಮೇಲೆ ಸೇರಿದ್ದು ಅದೇ ಬಿಜೆಪಿಗೆ!

ಅದಾಗಿದ್ದು ಹೇಗೆ? 2008ರಲ್ಲಿ ಬಿಜೆಪಿಗೆ 224ರಲ್ಲಿ 110 ಸ್ಥಾನ ಬಂದಿತ್ತು, ಬಹುಮತಕ್ಕೆ ಮೂರು ಕಮ್ಮಿ. ಗೆದ್ದ ಪಕ್ಷ ಬಿಟ್ಟು ಇನ್ನೊಂದಕ್ಕೆ ಹೋದ್ರೆ 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಶಾಸಕ ಸ್ಥಾನ ಹೋಗುತ್ತೆ. ಆದರೆ ತಾನೇ ರಾಜೀನಾಮೆ ಕೊಟ್ಟು, ಹೊಸ ಚಿಹ್ನೆ ಹಿಡಿದು ಉಪಚುನಾವಣೆಗೆ ನಿಂತ್ರೆ? ಅದೇ ‘ಆಪರೇಷನ್ ಕಮಲ’. ಜೆಡಿಎಸ್‌ನಿಂದ ಗೆದ್ದಿದ್ದ ಕತ್ತಿ ಹುಕ್ಕೇರಿಯಲ್ಲೂ, ಬಾಲಚಂದ್ರ ಜಾರಕಿಹೊಳಿ ಅರಭಾವಿಯಲ್ಲೂ (ಮೂಡಲಗಿ ಬರೋದು ಈ ಕ್ಷೇತ್ರಕ್ಕೆ) ರಾಜೀನಾಮೆ ಕೊಟ್ಟು, ಅದೇ ವರ್ಷ ಡಿಸೆಂಬರ್‌ನಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. ಎಂಟು ಉಪಚುನಾವಣೆಗಳಲ್ಲಿ ಬಿಜೆಪಿಗೆ ಐದು.

ಹಾಗಾದ್ರೆ ಓಟು ವ್ಯಕ್ತಿದೇ, ಪಕ್ಷದ್ದಲ್ಲ ಅಂತ ಎಲ್ಲರೂ ಹೇಳಿಬಿಡ್ತಾರೆ. ನಾನು ಇಲ್ಲಿ ಸ್ವಲ್ಪ ತಡೀರಿ ಅಂತೀನಿ. ಗೋಕಾಕದ ಅಂಕಿ ನೋಡಿ.

2018ರಲ್ಲಿ ರಮೇಶ ಜಾರಕಿಹೊಳಿ ಕಾಂಗ್ರೆಸ್‌ನಿಂದ ಸುಮಾರು 90 ಸಾವಿರ ಓಟು ತಗೊಂಡ್ರು. ಬಿಜೆಪಿಯ ಅಶೋಕ ಪೂಜಾರಿಗೆ ಸುಮಾರು 76 ಸಾವಿರ. 2019ರ ಉಪಚುನಾವಣೆಗೆ ರಮೇಶ ಬಿಜೆಪಿ, ಪೂಜಾರಿ ಜೆಡಿಎಸ್, ಕಾಂಗ್ರೆಸ್‌ನಿಂದ ರಮೇಶರ ತಮ್ಮ ಲಖನ್. ರಮೇಶಗೆ 87 ಸಾವಿರ, ಲಖನ್‌ಗೆ 58, ಪೂಜಾರಿಗೆ 28 ಸಾವಿರದ ಆಸುಪಾಸು.

ತೊಂಬತ್ತು ಇದ್ದದ್ದು ಎಂಬತ್ತೇಳಾಯ್ತು, ಅಂದ್ರೆ ಅದೇ ಜನ ಹಿಂದೆ ಹೋದ್ರು ಅನ್ನಿಸುತ್ತೆ, ಅಲ್ವಾ? ಆದರೆ ತಮ್ಮ ಓಟೆಲ್ಲ ಉಳಿದು, ಬಿಜೆಪಿಯ ಓಟೂ ಸೇರಿದ್ರೆ 1 ಲಕ್ಷ 60 ಸಾವಿರ ದಾಟಬೇಕಿತ್ತು. ದಾಟಲಿಲ್ಲ. ಬಂದ ಓಟಿನಷ್ಟೇ ಓಟು ಕೈಬಿಟ್ಟೂ ಹೋಗಿರಬೇಕು. ಯಾವ ಮತ ಎಲ್ಲಿಗೆ ಅಂತ ಪೆಟ್ಟಿಗೆ ಹೇಳಲ್ಲ. ಆದರೆ ಪೂಜಾರಿಯ 76 ಸಾವಿರದಲ್ಲಿ ಬಹಳಷ್ಟು ಕಮಲದ್ದೇ ಆಗಿತ್ತು ಅನ್ನೋದಂತೂ ಎದ್ದು ಕಾಣುತ್ತೆ. ಚಿಹ್ನೆಗೂ ತೂಕ ಇದೆ ಸ್ವಾಮಿ.

ಅದೇ ದಿನ ಹುಣಸೂರಿನಲ್ಲಿ ಎಚ್.ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ.ನಾಗರಾಜ್ ಇದೇ ದಾರಿ ಹಿಡಿದು ಸೋತರು. ಯಡಿಯೂರಪ್ಪ ಸರ್ಕಾರ ಉಳಿಯೋಕೆ 15ರಲ್ಲಿ ಕನಿಷ್ಠ 6 ಬೇಕಿತ್ತು, 12 ಸಿಕ್ಕಿತು. ಅಂದ್ರೆ ಬೆಂಗಳೂರಿನ ಸರ್ಕಾರದ ಆಯುಷ್ಯ ಗೋಕಾಕದಂಥ ಊರುಗಳ ಬೂತ್‌ಗಳಲ್ಲಿ ತೀರ್ಮಾನ ಆಯ್ತು.

ಇನ್ನು ಹೋಲ್‌ಸೇಲಾಗಿ ಪಕ್ಷವನ್ನೇ ಮರೆಸೋ ಜಾಗ ಬೇರೆ ಇದೆ: ಸಹಕಾರ ಸಂಘ. ಸಾಲ, ಕಬ್ಬು, ಕರೆಂಟು, ಎಲ್ಲದರ ಬಾಗಿಲು ಅಲ್ಲೇ. ಹುಕ್ಕೇರಿಯಲ್ಲಿ 2023ರಲ್ಲಿ ಬಿಜೆಪಿಯ ನಿಖಿಲ್ ಕತ್ತಿ ಗೆದ್ದಿದ್ದು ಕಾಂಗ್ರೆಸ್‌ನ ಎ.ಬಿ.ಪಾಟೀಲರ ಎದುರು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಚುನಾವಣೆ ಬಂದಾಗ ಕತ್ತಿ ಕುಟುಂಬ ಮತ್ತು ಪಾಟೀಲರು ಒಂದೇ ಕಡೆ ನಿಂತು, ಕಾಂಗ್ರೆಸ್ ಸಚಿವ ಸತೀಶ ಜಾರಕಿಹೊಳಿ ಮತ್ತು ಬಿಜೆಪಿ ಶಾಸಕ ಬಾಲಚಂದ್ರ ಬೆಂಬಲಿಸಿದ ಬಣವನ್ನ ಸೋಲಿಸಿದ್ರು. ಎರಡೂ ಬಣದಲ್ಲಿ ಎರಡೂ ಪಕ್ಷದವರು.