ಹಿಮದಡಿಯ ಲೆಕ್ಕ

ತಿಮಿಯೆಂಬ ಮಹಾಮತ್ಸ್ಯವನ್ನೂ ನುಂಗುವಂಥದು ತಿಮಿಂಗಿಲವೆಂದು ಆ ಸಂಸ್ಕೃತ ಶಬ್ದದ ನಿಷ್ಪತ್ತಿ. ಆದರೆ ಉತ್ತರ ಧ್ರುವಸಾಗರದ ಬೋಹೆಡ್ ತಿಮಿಂಗಿಲಕ್ಕೆ ಹಲ್ಲೇ ಇಲ್ಲ. ಬಿಲ್ಲಿನಂತೆ ಬಾಗಿದ ಅದರ ಬಾಯೊಳಗೆ ನೀಳವಾದ ಫಲಕಗಳು ಜರಡಿಯಂತೆ ಇಳಿಬಿದ್ದಿವೆ. ಅವುಗಳಿಂದ ಸೋಸಿ ಅದು ತಿನ್ನುವುದು ಸೀಗಡಿಗಿಂತಲೂ ಸಣ್ಣ ಜೀವಿಗಳನ್ನು. ಈ ಸಾಧುಪ್ರಾಣಿಯನ್ನೇ ನುಂಗಿದವನು ಮನುಷ್ಯ.

೧೮೪೮ರಲ್ಲಿ ಥಾಮಸ್ ರಾಯ್ಸ್ ಎಂಬ ಅಮೆರಿಕದ ನಾವಿಕನು ಬೇರಿಂಗ್ ಜಲಸಂಧಿಯನ್ನು ದಾಟಿ ಇವುಗಳ ಬೀಡನ್ನು ಕಂಡನು. ಮರುವರ್ಷವೇ ಬೇಟೆಯ ಹಡಗುಗಳು ಸಾಲುಗಟ್ಟಿ ಅತ್ತ ನಡೆದವು. ಕೊಬ್ಬು ದೀಪದ ಎಣ್ಣೆಯಾಯಿತು. ಬಾಯ ಫಲಕವು ಪಾಶ್ಚಾತ್ಯ ಸ್ತ್ರೀಯರ ಬಿಗಿಯುಡುಪಿನ ಕಡ್ಡಿಯಾಯಿತು. ಇಪ್ಪತ್ತನೆಯ ಶತಮಾನ ಕಾಲಿಡುವ ವೇಳೆಗೆ ಉಳಿದವು ಅಲ್ಪವೇ.

ಅಲಾಸ್ಕದ ಉತ್ತರ ತೀರದ ಇನ್ಯೂಪಿಯಾಟ್ ಜನರಿಗಾದರೋ ತಿಮಿಂಗಿಲವು ಅನಾದಿಯಿಂದ ಬಂದ ಆಹಾರ. ೧೯೭೭ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಅವರ ಬೇಟೆಯನ್ನೂ ನಿಷೇಧಿಸಿತು. ಉಳಿದಿರುವುದು ಹೆಚ್ಚೆಂದರೆ ೨,೦೦೦ ಎಂಬುದು ಅಂದಿನ ಅಂದಾಜು. ಬೇಟೆಗಾರರು ಒಪ್ಪಲಿಲ್ಲ. ಹಿಮದಂಚಿನಲ್ಲಿ ನಿಂತು ಕಣ್ಣಿಗೆ ಬಿದ್ದುದನ್ನಷ್ಟೇ ಎಣಿಸಿದರೆ ಸಾಲದು; ತಿಮಿಂಗಿಲವು ಹಿಮದಡಿಯಲ್ಲಿಯೂ ಸಾಗುತ್ತದೆ, ಉಸಿರಿಗಾಗಿ ತಲೆಯಿಂದ ಹಿಮವನ್ನೇ ಒಡೆಯುತ್ತದೆ ಎಂದರು. ವಿಜ್ಞಾನಿಗಳು ನೀರೊಳಗೆ ಧ್ವನಿಗ್ರಾಹಕಗಳನ್ನಿಳಿಸಿ ಕಿವಿಗೊಟ್ಟರು. ಕಣ್ಣಿಗೆ ಕಾಣದವುಗಳ ದನಿ ಕೇಳಿಬಂದಿತು! ೧೯೭೮ರಿಂದ ಮಿತಬೇಟೆಗೆ ಅನುಮತಿ ದೊರೆಯಿತು. ೨೦೧೧ರ ಗಣತಿಯಲ್ಲಿ ಸಂಖ್ಯೆ ಸುಮಾರು ೧೬,೮೦೦. ಹಿಂಡು ಬೆಳೆದದ್ದೂ ನಿಜ, ಬೇಟೆಗಾರರ ಮಾತು ದಿಟವಾದದ್ದೂ ನಿಜ. ಕೊಲ್ಲುವವನಿಗೇ ಅದರ ಜಾಡು ಚೆನ್ನಾಗಿ ತಿಳಿದಿತ್ತೆಂಬುದು ವಿಚಿತ್ರವಾದರೂ ಸತ್ಯ. ಬದುಕಿಗಾಗಿ ಕೊಲ್ಲುವವನು ನಾಳೆಯನ್ನೂ ನೆನೆಯಬೇಕು. ಹಣಕ್ಕಾಗಿ ಕೊಲ್ಲುವವನಿಗೆ ಆ ಕಟ್ಟಿಲ್ಲ.

೨೦೦೭ರಲ್ಲಿ ಅವರು ಹಿಡಿದ ತಿಮಿಂಗಿಲವೊಂದರ ಮೈಯಲ್ಲಿ ಹಳೆಯ ಸಿಡಿಗುಂಡಿನ ಈಟಿಯ ಚೂರು ಸಿಕ್ಕಿತು. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನ್ಯೂ ಬೆಡ್‌ಫರ್ಡಿನಲ್ಲಿ ಮಾಡಿದ್ದು. ನೂರಕ್ಕೂ ಹೆಚ್ಚು ವರ್ಷ ಆ ಲೋಹವನ್ನು ಹೊತ್ತು ಈಜಿದ ಜೀವವದು. ೧೯೯೯ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಣ್ಣಿನ ಮಸೂರವನ್ನು ಪರೀಕ್ಷಿಸಿ ಒಂದು ತಿಮಿಂಗಿಲದ ಆಯುಸ್ಸನ್ನು ೨೧೧ ವರ್ಷವೆಂದು ಅಂದಾಜಿಸಲಾಗಿತ್ತು.

ಇಂದು ಅಪಾಯದ ರೂಪ ಬೇರೆ. ಹಿಮ ಕರಗಿ ತೆರೆದ ಕಡಲಿಗೆ ಹಡಗುಗಳೂ, ತಿಮಿಂಗಿಲವನ್ನು ಬೇಟೆಯಾಡುವ ಓರ್ಕಾ ಹಿಂಡುಗಳೂ ಬರುತ್ತಿವೆ. ಅಡಗುವುದಕ್ಕಿದ್ದ ಹಿಮದ ಮರೆಯೇ ಸರಿಯುತ್ತಿದೆ. ಈ ವಸಂತದಲ್ಲಿ ಹುಟ್ಟಿದ ಮರಿ ಇನ್ನೂರು ವರ್ಷ ಬಾಳಬಲ್ಲುದು. ಅದರ ಮೈಯಲ್ಲಿ ನಮ್ಮ ಕಾಲವು ಯಾವ ಚೂರನ್ನು ಉಳಿಸಿ ಹೋಗುವುದೋ!