ಹೆಣ್ಣು ಕುದುರೆಯ ಗರ್ಭಧಾರಣೆಯೂ ಆಂಟಿಬಯೋಟಿಕ್ ಔಷಧಗಳ ಮಿತವಾದ ಬಳಕೆಯೂ
(ಪಶುವೈದ್ಯರ ಮುಂದುವರಿದ ಶಿಕ್ಷಣದಿಂದ ಗ್ರಾಮಸ್ಥರಿಗಾಗುವ ಪ್ರಯೋಜನ)

ಹೆಣ್ಣು ಕುದುರೆಯು ಗರ್ಭ ಧರಿಸಿದ ದಿನದಿಂದ ಮರಿ ಹಾಕುವವರೆಗೆ ಸುಮಾರು 340 ದಿವಸಗಳು, ಅಂದರೆ ಹನ್ನೊಂದು ತಿಂಗಳ ಮೇಲೆ, ಹಿಡಿಯುತ್ತವೆ. ಆಕಳು ಒಂಬತ್ತು ತಿಂಗಳು ಚಿಲ್ಲರೆ ದಿನಗಳಲ್ಲಿ ಕರು ಹಾಕುವುದು. ಹೀಗಿರುವುದರಿಂದ ಕುದುರೆಗೆ ಒಂದು ಋತುವಿನಲ್ಲಿ ಗರ್ಭ ನಿಲ್ಲದೆ ಹೋದರೆ ಒಡೆಯನಿಗೆ ಒಂದು ವರ್ಷದ ಹುರುಳಿ, ಹುಲ್ಲು, ಆಳಿನ ಸಂಬಳ, ಇವೆಲ್ಲವೂ ನಷ್ಟವಾಗುತ್ತವೆ. ಈ ನಷ್ಟದ ಭಯದಿಂದಲೇ ಅನೇಕರು ಪಶುವೈದ್ಯರನ್ನು ಕರೆಸಿದ ಕೂಡಲೆ “ಒಂದು ಬಲವಾದ ಇಂಜೆಕ್ಷನ್ ಹಾಕಿಬಿಡಿ” ಎಂದು ಒತ್ತಾಯಪಡಿಸುವರು. ವೈದ್ಯರು ಹಿಂಜರಿದರೆ ಅವರಿಗೆ ಕೆಲಸ ತಿಳಿಯದೆಂದು ಆಡಿಕೊಳ್ಳುವುದೂ ಉಂಟು. ಕೆಲವರು ಔಷಧದ ಅಂಗಡಿಯಿಂದ ತಾವೇ ಸೀಸೆಯನ್ನು ತಂದು, ಊರಿನಲ್ಲಿ ಸೂಜಿ ಚುಚ್ಚಬಲ್ಲ ಯಾರಿಂದಲಾದರೂ ಹಾಕಿಸುವರು. ಇದರಿಂದ ಗರ್ಭ ನಿಲ್ಲುವುದು ಅಪರೂಪ, ಕೆಡುಕಾಗುವುದೇ ಹೆಚ್ಚು. ಇದು ಹೇಗೆಂಬುದನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಿಳಿದಿರುವುದು ಅತ್ಯಾವಶ್ಯಕವಾಗಿರುತ್ತದೆ.

ಕುದುರೆಯನ್ನು ಸಾಕುವವರು ಈಗ ಕಡಿಮೆಯಾಗಿದ್ದಾರೆಂಬುದು ನಿಜ. ಆದಾಗ್ಯೂ ತುಮಕೂರು ಜಿಲ್ಲೆಯ ಕುಣಿಗಲ್ ಹಿಂದಿನಿಂದಲೂ ಕುದುರೆಗಳ ವಂಶಾಭಿವೃದ್ಧಿಗೆ ಹೆಸರಾದ ಸ್ಥಳ. ಅಲ್ಲದೆ, ಇಲ್ಲಿ ಕುದುರೆಯ ವಿಷಯವಾಗಿ ಹೇಳುವ ಔಷಧಗಳೇ ದನ, ಎಮ್ಮೆ, ಕುರಿ, ಕೋಳಿಗಳಿಗೂ, ಕೊನೆಗೆ ಮನುಷ್ಯರಿಗೂ ಬಳಕೆಯಾಗುವುದರಿಂದ, ಕುದುರೆಯಿಲ್ಲದ ರೈತನೂ ಇದನ್ನು ಲಕ್ಷ್ಯವಿಟ್ಟು ಓದತಕ್ಕದ್ದಾಗಿದೆ.

ಔಷಧವು ಕೈಕೊಡುವ ಬಗೆ

ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬ ವಿದ್ವಾಂಸನು 1928ರಲ್ಲಿ ಲಂಡನ್ ನಗರದಲ್ಲಿ ಪೆನಿಸಿಲಿನ್ ಎಂಬ ವಸ್ತುವನ್ನು ಕಂಡುಹಿಡಿದನು. ಒಂದು ಬಗೆಯ ಬೂಷ್ಟಿನಿಂದ ಹುಟ್ಟುವ ಈ ವಸ್ತುವು ರೋಗದ ಸೂಕ್ಷ್ಮಾಣುಗಳನ್ನು ಕೊಲ್ಲುವುದು. ಅನಂತರ ಇದೇ ಜಾತಿಯ ಅನೇಕ ಔಷಧಗಳು ಬಂದುವು. ಇವುಗಳಿಗೆಲ್ಲಾ ಆಂಟಿಬಯೋಟಿಕ್‌ಗಳೆಂದು ಹೆಸರು. 1945ರಲ್ಲಿ ನೊಬೆಲ್ ಬಹುಮಾನವನ್ನು ಪಡೆದಾಗ ಫ್ಲೆಮಿಂಗನು ತನ್ನ ಉಪನ್ಯಾಸದಲ್ಲಿಯೇ ಒಂದು ಎಚ್ಚರಿಕೆಯನ್ನು ಕೊಟ್ಟನು. ತಿಳಿಯದವರು ಈ ಔಷಧವನ್ನು ಸಾಲದಷ್ಟು ಪ್ರಮಾಣದಲ್ಲಿ ಬಳಸಿದರೆ ಸೂಕ್ಷ್ಮಾಣುಗಳು ಸಾಯದೆ ಅದಕ್ಕೆ ಒಗ್ಗಿಕೊಳ್ಳುವುವೆಂಬುದೇ ಆ ಎಚ್ಚರಿಕೆಯ ಸಾರ.

ಅದು ನಡೆಯುವ ಕ್ರಮವನ್ನು ರೈತನಿಗೆ ಹೇಳುವುದು ಕಷ್ಟವಲ್ಲ. ಹೊಲದಲ್ಲಿ ಕಳೆ ಕೀಳುವವರು ಎಳೆಯ ಕಳೆಯನ್ನು ಕಿತ್ತು, ಬೇರು ಗಟ್ಟಿಯಾದುದನ್ನು ಬಿಟ್ಟರೆ ಮುಂದಿನ ವರ್ಷ ಆ ಗಟ್ಟಿ ಕಳೆಯ ಬೀಜವೇ ಹೊಲವನ್ನೆಲ್ಲಾ ತುಂಬುವುದಷ್ಟೆ. ಅದೇ ಮೇರೆಗೆ, ದೇಹದಲ್ಲಿರುವ ಕೋಟ್ಯಂತರ ಸೂಕ್ಷ್ಮಾಣುಗಳಲ್ಲಿ ಬಲಹೀನವಾದುವು ಅರೆಮದ್ದಿಗೆ ಸತ್ತು, ಬಲವಾದುವು ಉಳಿದು ವೃದ್ಧಿಯಾಗುವುವು. ಇಷ್ಟೇ ಅಲ್ಲದೆ ಔಷಧವನ್ನು ತಡೆಯುವ ಗುಣವನ್ನು ಅವು ಪಕ್ಕದ ಬೇರೆ ಸೂಕ್ಷ್ಮಾಣುಗಳಿಗೂ ದಾಟಿಸಬಲ್ಲುವು. ಹೀಗೆ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳಿಂದ 2019ನೆಯ ಇಸವಿಯೊಂದರಲ್ಲಿಯೇ ಪ್ರಪಂಚದಲ್ಲಿ ನೇರವಾಗಿ ಸುಮಾರು 12 ಲಕ್ಷ 70 ಸಾವಿರ ಜನರು ಸತ್ತರೆಂದು ವಿದ್ವಾಂಸರು ಅಂದಾಜು ಮಾಡಿರುತ್ತಾರೆ. ಕೆನಡಾ ಮತ್ತು ಯೂರೋಪಿನ ಕುದುರೆಯ ಆಸ್ಪತ್ರೆಗಳಲ್ಲಿ ಇಂತಹ ಸೂಕ್ಷ್ಮಾಣುಗಳು ಕುದುರೆಯಿಂದ ಆಳಿಗೂ ಆಳಿನಿಂದ ಕುದುರೆಗೂ ಹತ್ತಿದುದು ಕಂಡುಬಂದಿದೆ. ಆದುದರಿಂದ ಲಾಯದಲ್ಲಿ ಮಾಡಿದ ತಪ್ಪು ಲಾಯದಲ್ಲಿಯೇ ಉಳಿಯುವುದೆಂದು ಭಾವಿಸಕೂಡದು.

ಭಾರತ ಸರ್ಕಾರದವರು 2017ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಕಾರ್ಯಯೋಜನೆಯೊಂದನ್ನು ಪ್ರಕಟಿಸಿದರು. 2019ರ ಜುಲೈ ತಿಂಗಳಲ್ಲಿ, ಮನುಷ್ಯರಿಗೆ ಕಟ್ಟಕಡೆಯ ಆಧಾರವಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೂ ಕೋಳಿಗಳಿಗೂ ಅವುಗಳ ಮೇವಿನಲ್ಲಿಯೂ ಬಳಸುವುದಕ್ಕಾಗಿ ಮಾರಕೂಡದೆಂದು ನಿಷೇಧಿಸಿದರು.

ಕುದುರೆಯಲ್ಲಿ ವಿಶೇಷ ಎಚ್ಚರವೇಕೆ?

ಕುದುರೆಯು ಮೆಲುಕು ಹಾಕುವ ಪ್ರಾಣಿಯಲ್ಲ. ದನವು ಮೇವನ್ನು ಮುಂದಿನ ಹೊಟ್ಟೆಯಲ್ಲಿ ಹುಳಿಯಿಸಿದರೆ ಕುದುರೆಯು ಹಿಂದಿನ ದೊಡ್ಡ ಕರುಳಿನಲ್ಲಿ ಆ ಕೆಲಸವನ್ನು ನಡೆಯಿಸುವುದು. ಅಲ್ಲಿರುವ ಉಪಯುಕ್ತ ಸೂಕ್ಷ್ಮಾಣುಗಳನ್ನು ಆಂಟಿಬಯೋಟಿಕ್ ಕೊಂದರೆ ಭಯಂಕರವಾದ ಭೇದಿಯುಂಟಾಗಿ ಕುದುರೆಯು ಸಾಯಬಹುದು. ಲಿಂಕೋಮೈಸಿನ್, ಕ್ಲಿಂಡಮೈಸಿನ್ ಎಂಬ ಔಷಧಗಳು ಬೇರೆ ಪ್ರಾಣಿಗಳಿಗೆ ಸಲ್ಲುತ್ತವಾದರೂ ಕುದುರೆಗೆ ಪ್ರಾಣಾಂತಿಕವಾಗಬಲ್ಲುವು. ಎನ್ರೋಫ್ಲಾಕ್ಸಸಿನ್ ಎಂಬುದು ಎಳೆಯ ಮರಿಗಳ ಕೀಲಿನ ಮೃದ್ವಸ್ಥಿಯನ್ನು ಕೆಡಿಸುವುದು. ದನಕ್ಕೆ ತಂದು ಮಿಕ್ಕ ಸೀಸೆಯನ್ನು ಕುದುರೆಗೆ ಹಾಕಿಸುವ ಅಭ್ಯಾಸವು ಎಷ್ಟು ಅಪಾಯಕರವೆಂಬುದು ಇದರಿಂದ ವ್ಯಕ್ತವಾಗುವುದು.

ಗರ್ಭ ನಿಲ್ಲದಿರುವುದಕ್ಕೆ ನಿಜವಾದ ಕಾರಣಗಳು

ಹೆಣ್ಣು ಕುದುರೆಯು ಹಗಲು ಬೆಳೆಯುವ ಕಾಲದಲ್ಲಿ ಚೆನ್ನಾಗಿ ಬೆದೆಗೆ ಬರುವುದು. ಸುಮಾರು 21 ದಿನಗಳಿಗೊಮ್ಮೆ ಬೆದೆ. ಅದು 5ರಿಂದ 7 ದಿನಗಳವರೆಗೆ ಇರುವುದು. ಅಂಡವು ಬಿಡುಗಡೆಯಾಗುವುದು ಬೆದೆಯು ಮುಗಿಯುವುದಕ್ಕೆ ಒಂದೆರಡು ದಿವಸಗಳ ಮುಂಚೆ. ಬೆದೆಯ ಮೊದಲನೆಯ ದಿನವೇ ಒಂದು ಸಲ ಗಂಡಿಗೆ ಬಿಟ್ಟು ಕೈತೊಳೆದುಕೊಂಡರೆ ಗರ್ಭ ನಿಲ್ಲದಿರುವುದು ಸಹಜ. ಇದು ರೋಗವಲ್ಲ, ಇದಕ್ಕೆ ಔಷಧವೂ ಇಲ್ಲ.

ಎರಡನೆಯದಾಗಿ, ಗಂಡಿನ ವೀರ್ಯವು ಸೇರಿದ ಕೂಡಲೆ ಪ್ರತಿಯೊಂದು ಹೆಣ್ಣು ಕುದುರೆಯ ಗರ್ಭಕೋಶದಲ್ಲಿಯೂ ಸ್ವಲ್ಪ ಉರಿಯೂತವಾಗುವುದು. ಆರೋಗ್ಯವಾದ ಕುದುರೆಯಲ್ಲಿ ಇದು ಒಂದೆರಡು ದಿವಸಗಳೊಳಗಾಗಿ ತಾನಾಗಿಯೇ ಶಮನವಾಗುವುದು. ವಯಸ್ಸಾದ, ಅನೇಕ ಸಲ ಮರಿಹಾಕಿದ ಕುದುರೆಗಳಲ್ಲಿ ಗರ್ಭಕೋಶವು ಜೋಲಿಬಿದ್ದು ನೀರು ನಿಂತುಕೊಳ್ಳುವುದು. ಆ ನೀರಿನಲ್ಲಿ ಭ್ರೂಣವು ಬದುಕಲಾರದು. ಇದಕ್ಕೆ ಮೊದಲ ಚಿಕಿತ್ಸೆ ಆಂಟಿಬಯೋಟಿಕ್ ಅಲ್ಲ. ಶುದ್ಧಪಡಿಸಿದ ಉಪ್ಪುನೀರಿನಿಂದ ಗರ್ಭಕೋಶವನ್ನು ತೊಳೆದು, ಆಕ್ಸಿಟೋಸಿನ್ ಎಂಬ ಔಷಧದಿಂದ ಅದು ಸಂಕುಚಿಸಿ ನೀರನ್ನು ಹೊರದೂಡುವಂತೆ ಮಾಡುವುದು. ಭ್ರೂಣವು ಗರ್ಭಕೋಶಕ್ಕೆ ಇಳಿಯುವುದು ಅಂಡವು ಬಿಡುಗಡೆಯಾದ ಐದಾರು ದಿವಸಗಳ ಮೇಲಾದುದರಿಂದ, ಗಂಡಿಗೆ ಬಿಟ್ಟ ದಿನವೇ ತೊಳೆದರೂ ಅದಕ್ಕೆ ಬಾಧಕವಿಲ್ಲ.

ಮೂರನೆಯದಾಗಿ, ಕೆಲವು ಕುದುರೆಗಳಲ್ಲಿ ಯೋನಿಯ ತುಟಿಗಳು ಸರಿಯಾಗಿ ಮುಚ್ಚಿಕೊಳ್ಳದೆ ಗಾಳಿಯೂ ಲದ್ದಿಯ ಕೊಳೆಯೂ ಒಳಕ್ಕೆ ಹೋಗುವುವು. ಅಮೆರಿಕದ ಪಶುವೈದ್ಯನಾದ ಕ್ಯಾಸ್ಲಿಕ್ ಎಂಬಾತನು 1937ರಲ್ಲಿ ಇದಕ್ಕೆ ಮೇಲ್ಭಾಗವನ್ನು ಹೊಲಿಯುವ ಸರಳವಾದ ಕ್ರಮವನ್ನು ಪ್ರಕಟಿಸಿದನು. ಬಾಗಿಲು ತೆರೆದಿಟ್ಟು ಮನೆಯನ್ನು ಎಷ್ಟು ಗುಡಿಸಿದರೂ ಧೂಳು ತಪ್ಪದು; ಬಾಗಿಲನ್ನು ಹಾಕಬೇಕು. ಆ ಹೊಲಿಗೆಯು ಮಾಡುವ ಕೆಲಸವನ್ನು ಹತ್ತು ಸೀಸೆ ಔಷಧವು ಮಾಡಲಾರದು. ಆದರೆ ಮರಿ ಹಾಕುವುದಕ್ಕೆ ಮುಂಚೆ ಹೊಲಿಗೆಯನ್ನು ಬಿಡಿಸುವುದನ್ನು ಮರೆಯಕೂಡದು.

ನಾಲ್ಕನೆಯದಾಗಿ ನಿಜವಾದ ಸೋಂಕು. ಇದಕ್ಕೆ ಆಂಟಿಬಯೋಟಿಕ್ ಬೇಕು, ಆದರೆ ಯಾವುದು? ಗರ್ಭಕೋಶದಿಂದ ಶುದ್ಧವಾದ ಹತ್ತಿಯ ಕಡ್ಡಿಯಲ್ಲಿ ದ್ರವವನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಸೂಕ್ಷ್ಮಾಣುಗಳನ್ನು ಬೆಳೆಯಿಸಿ, ಯಾವ ಔಷಧಕ್ಕೆ ಅವು ಸಾಯುವುವೆಂದು ಪರೀಕ್ಷಿಸಿದ ಮೇಲೆಯೇ ಇದನ್ನು ಹೇಳಲು ಸಾಧ್ಯ. ಮೊದಲೇ ಔಷಧ ಹಾಕಿಸಿದ್ದರೆ ಆ ಪರೀಕ್ಷೆಯೂ ಕೆಡುವುದು. ಪದೇ ಪದೇ ಆಂಟಿಬಯೋಟಿಕ್ ತುಂಬಿದ ಗರ್ಭಕೋಶದಲ್ಲಿ ಬೂಷ್ಟಿನ ಜಾತಿಯ ಸೋಂಕು ಬೆಳೆಯುವುದೂ ಉಂಟು. ಅದನ್ನು ವಾಸಿಮಾಡುವುದು ಮೊದಲಿನದಕ್ಕಿಂತಲೂ ಕಷ್ಟ.

ನ್ಯೂಮಾರ್ಕೆಟ್ಟಿನ ಪಾಠ

1977ರಲ್ಲಿ ಇಂಗ್ಲೆಂಡಿನ ನ್ಯೂಮಾರ್ಕೆಟ್ ಎಂಬಲ್ಲಿ, ಪ್ರಪಂಚದಲ್ಲಿಯೇ ಹೆಸರಾದ ಕುದುರೆಯ ಕೇಂದ್ರಗಳಲ್ಲಿ, ಅನೇಕ ಹೆಣ್ಣು ಕುದುರೆಗಳಿಗೆ ಒಮ್ಮೆಗೇ ಬಿಳಿಯ ಸ್ರಾವವುಂಟಾಗಿ ಗರ್ಭವು ನಿಲ್ಲದೆ ಹೋಯಿತು. ಅದುವರೆಗೂ ಯಾರೂ ಕಂಡಿರದ ಸೂಕ್ಷ್ಮಾಣುವೊಂದು ಇದಕ್ಕೆ ಕಾರಣವೆಂದು ಗೊತ್ತಾಯಿತು. ಈಗ ಅದಕ್ಕೆ ಟೈಲೊರೆಲ್ಲ ಎಂದು ಹೆಸರು. ಗಂಡು ಕುದುರೆಯಲ್ಲಿ ಯಾವ ರೋಗಲಕ್ಷಣವೂ ಕಾಣದೆ ಅದು ಅಡಗಿದ್ದು, ಒಂದರಿಂದ ಒಂದಕ್ಕೆ ಹರಡುವುದು. ಮಾರನೆಯ ವರ್ಷವೇ ಅದು ಅಮೆರಿಕದ ಕೆಂಟಕಿಯಲ್ಲಿ ಕಾಣಿಸಿಕೊಂಡಿತು. ಅದರ ಕೆಲವು ತಳಿಗಳು ಸ್ಟ್ರೆಪ್ಟೊಮೈಸಿನ್ ಔಷಧಕ್ಕೆ ಬಗ್ಗದವುಗಳಾಗಿದ್ದುವು.

ಈ ಪಿಡುಗನ್ನು ಹತೋಟಿಗೆ ತಂದುದು ಹೊಸ ಬಲವಾದ ಔಷಧವಲ್ಲ. ಋತುವು ಆರಂಭವಾಗುವುದಕ್ಕೆ ಮುಂಚೆ ಗಂಡು, ಹೆಣ್ಣು ಕುದುರೆಗಳೆಲ್ಲವನ್ನೂ ಕಡ್ಡಿಯಿಂದ ಪರೀಕ್ಷಿಸುವುದು, ಸೋಂಕು ಕಂಡರೆ ಕೂಡಲೆ ಗಂಡಿಗೆ ಬಿಡುವುದನ್ನು ನಿಲ್ಲಿಸುವುದು, ತೊಳೆದು ಶುದ್ಧಿಮಾಡುವುದು, ಮತ್ತೆ ಪರೀಕ್ಷಿಸಿ ಶುದ್ಧವೆಂದು ಕಂಡ ಮೇಲೆಯೇ ಬಿಡುವುದು: ಈ ಕಟ್ಟುನಿಟ್ಟಾದ ನಿಯಮಗಳೇ ಅದನ್ನು ಅಡಗಿಸಿದುವು. ಈ ನಿಯಮಗಳನ್ನು ವೈದ್ಯರೂ ಒಡೆಯರೂ ಆಳುಗಳೂ ಒಟ್ಟಾಗಿ ಕಲಿತುದರಿಂದಲೇ ಫಲ ದೊರೆಯಿತು.

ವೈದ್ಯರು ಮತ್ತೆ ಓದಬೇಕೇಕೆ?

“ಕಾಲೇಜಿನಲ್ಲಿ ಓದಿ ಪಾಸಾದವರಿಗೆ ಮತ್ತೆ ಪಾಠವೇಕೆ?” ಎಂದು ಕೆಲವರು ಕೇಳುವುದುಂಟು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಸ್ಥಾಪಿತವಾಯಿತು. ಶಬ್ದದ ಅಲೆಗಳಿಂದ ಗರ್ಭಕೋಶದ ಚಿತ್ರವನ್ನು ಕಾಣುವ ಯಂತ್ರವನ್ನು ಹೆಣ್ಣು ಕುದುರೆಗಳಲ್ಲಿ ಬಳಸಿದ ವರದಿಯು ಫ್ರಾನ್ಸ್ ದೇಶದಿಂದ ಬಂದುದು 1980ರಲ್ಲಿ. ಕಾಲೇಜಿನ ಮೊದಲ ತಂಡಗಳಲ್ಲಿ ಪಾಸಾದವರು ಈ ವಿದ್ಯೆಯನ್ನು ಆಮೇಲೆ ಹೊಸದಾಗಿಯೇ ಕಲಿಯಬೇಕಾಯಿತು. ಈಗ ಆ ಯಂತ್ರದಿಂದ ಗರ್ಭ ನಿಂತ 14-16 ದಿವಸಗಳಲ್ಲಿಯೇ ಅವಳಿಯಿದೆಯೇ ಎಂದು ನೋಡಬಹುದು. ಕುದುರೆಯಲ್ಲಿ ಅವಳಿಯು ಸಾಮಾನ್ಯವಾಗಿ ಗರ್ಭಪಾತದಲ್ಲಿ ಮುಗಿಯುವುದರಿಂದ, ಆಗಲೇ ಒಂದನ್ನು ತೆಗೆದು ಇನ್ನೊಂದನ್ನು ಉಳಿಸುವರು. ಹರಿಯಾಣದ ಹಿಸಾರ್ ನಗರದಲ್ಲಿ 1985ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರಕ್ಕೆ ಸೇರಿದ ಬಿಕಾನೇರ್ ಶಾಖೆಯಲ್ಲಿ 2023ರಲ್ಲಿ ಒಂದು ಕುದುರೆಯ ಭ್ರೂಣವನ್ನು ಇನ್ನೊಂದರಲ್ಲಿಟ್ಟು ಮಾರ್ವಾಡಿ ಜಾತಿಯ ಮರಿಯನ್ನು ಪಡೆದಿರುತ್ತಾರೆ. ಔಷಧಗಳ ವಿಷಯದಲ್ಲಿಯೂ ನಿನ್ನೆ ಸಲ್ಲುತ್ತಿದ್ದುದು ಇಂದು ಸಲ್ಲದು. ಇಂಗ್ಲೆಂಡಿನ ಪಶುವೈದ್ಯ ಮಂಡಲಿಯು ಪ್ರತಿಯೊಬ್ಬ ವೈದ್ಯನೂ ವರ್ಷಕ್ಕೆ 35 ಗಂಟೆಗಳಾದರೂ ಹೊಸ ವಿದ್ಯೆಯನ್ನು ಕಲಿಯತಕ್ಕದ್ದೆಂದು ವಿಧಿಸಿದೆ.

ಇಂತಹ ಶಿಕ್ಷಣದಲ್ಲಿ ಉಪನ್ಯಾಸ ಕೇಳುವುದು ಅರ್ಧ ಮಾತ್ರ. ಕಡ್ಡಿಯಿಂದ ದ್ರವವನ್ನು ಕೊಳೆಯಾಗದಂತೆ ತೆಗೆಯುವುದು, ಪ್ರಯೋಗಶಾಲೆಯ ವರದಿಯನ್ನು ಓದುವುದು, ಯಾವ ಔಷಧಗಳನ್ನು ಮನುಷ್ಯರಿಗಾಗಿ ಕಾಪಾಡಿ ಇಡಬೇಕೆಂದು ತಿಳಿಯುವುದು, ಔಷಧವಿಲ್ಲದೆ ಆಗುವ ಕೆಲಸವನ್ನು ಔಷಧವಿಲ್ಲದೆ ಮಾಡುವುದು: ಇವು ಕೈಯಿಂದ ಮಾಡಿ ಕಲಿಯತಕ್ಕುವು. ಊರಿನ ವೈದ್ಯರು ಇದಕ್ಕಾಗಿ ನಾಲ್ಕು ದಿನ ಹೊರಗೆ ಹೋದರೆ ಮುಖ್ಯಸ್ಥರು ಗೊಣಗದೆ, ಆ ದಿನಗಳಲ್ಲಿ ಪಕ್ಕದ ಆಸ್ಪತ್ರೆಯ ವೈದ್ಯರನ್ನು ಕರೆಸುವ ಏರ್ಪಾಡನ್ನು ಮುಂಚಿತವಾಗಿ ಮಾಡಿಕೊಳ್ಳುವುದು ವಿಹಿತ.

ಒಡೆಯರು ಅನುಸರಿಸತಕ್ಕ ಕ್ರಮಗಳು

1. ಬೆದೆಯು ಆರಂಭವಾದ ದಿನ, ಗಂಡಿಗೆ ಬಿಟ್ಟ ದಿನ, ಹಿಂದೆ ಹಾಕಿಸಿದ ಔಷಧ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸುವುದು.

2. ಪರೀಕ್ಷೆಗೆ ಮುಂಚೆ ಔಷಧ ಹಾಕೆಂದು ಒತ್ತಾಯಿಸದಿರುವುದು. ಪರೀಕ್ಷೆಯ ವೆಚ್ಚವು ಒಂದು ವರ್ಷದ ಮೇವಿನ ಮುಂದೆ ಅಲ್ಪವೇ.

3. ವೈದ್ಯರು ಹೇಳಿದ ಪ್ರಮಾಣವನ್ನೂ ದಿನಗಳನ್ನೂ ಪೂರ್ತಿಯಾಗಿ ನಡೆಯಿಸುವುದು. ಮಿಕ್ಕ ಔಷಧವನ್ನು ಇನ್ನೊಂದು ಪ್ರಾಣಿಗೆ ಬಳಸಕೂಡದು.

4. ಮರಿ ಹುಟ್ಟಿದ ಮೇಲೆ ಒಂದು ಗಂಟೆಯೊಳಗೆ ಅದು ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಮೊಲೆ ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಆಕಳಿನಲ್ಲಿ ಮಾಸು ಅರ್ಧ ದಿನ ತಡವಾದರೂ ಕಾಯುವ ರೂಢಿಯಿದೆ. ಕುದುರೆಯಲ್ಲಿ ಹಾಗೆ ಕಾದರೆ ವಿಷವೇರಿ ಗೊರಸಿನ ಒಳಭಾಗವು ಕೆಟ್ಟು, ಪ್ರಾಣಕ್ಕೇ ಅಪಾಯ. ಮೂರು ಗಂಟೆ ಮೀರಿದರೆ ನಡುರಾತ್ರಿಯಾದರೂ ವೈದ್ಯರನ್ನು ಕರೆಸುವುದು. ಮಾಸನ್ನು ಕೈಯಿಂದ ಜಗ್ಗಕೂಡದು.

5. ಗಿಣ್ಣುಹಾಲನ್ನು ಮರಿಗೆ ತಪ್ಪದೆ ಕುಡಿಯಿಸುವುದು. ತಾಯಿಯ ರೋಗನಿರೋಧಕ ಶಕ್ತಿಯು ಗರ್ಭದಲ್ಲಿ ಮರಿಗೆ ಬಾರದು, ಗಿಣ್ಣಿನಿಂದಲೇ ಬರಬೇಕು. ಒಂದು ದಿವಸ ಕಳೆದರೆ ಮರಿಯ ಕರುಳು ಅದನ್ನು ಹೀರಿಕೊಳ್ಳಲಾರದು. ಗಿಣ್ಣು ಕುಡಿದ ಮರಿಗೆ ಔಷಧದ ಹಂಗು ಕಡಿಮೆ.

6. ಕುದುರೆಗೆ ಧನುರ್ವಾಯುವಿನ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸುವುದು. ಲಸಿಕೆಯಿಂದ ತಪ್ಪಿದ ರೋಗಕ್ಕೆ ಆಂಟಿಬಯೋಟಿಕ್ ಬೇಕಿಲ್ಲ.

7. ಹಾಲು ಕರೆಯುವ ದನಕ್ಕೆ ಔಷಧ ಹಾಕಿಸಿದಾಗ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗಾಗಲಿ ಮನೆಗಾಗಲಿ ಕೊಡದಿರುವುದು.

ಒಂದು ದೃಷ್ಟಾಂತವನ್ನು ಭಾವಿಸಿಕೊಳ್ಳಬಹುದು. ಹದಿನೈದು ವಯಸ್ಸಿನ ಒಂದು ಹೆಣ್ಣು ಕುದುರೆಗೆ ಎರಡು ವರ್ಷ ಗರ್ಭ ನಿಲ್ಲಲಿಲ್ಲ. ಪ್ರತಿಸಲವೂ ಒಡೆಯನು ಔಷಧ ತುಂಬಿಸಿದನು. ಮೂರನೆಯ ವರ್ಷ ಹೊಸದಾಗಿ ತರಬೇತಿ ಹೊಂದಿ ಬಂದ ವೈದ್ಯನು ಸೀಸೆಯನ್ನು ಪಕ್ಕಕ್ಕಿಟ್ಟು, ಮೊದಲು ಪರೀಕ್ಷಿಸಿ, ಯೋನಿಯ ತುಟಿಗಳನ್ನು ಹೊಲಿದು, ತಕ್ಕ ದಿನದಲ್ಲಿ ಗಂಡಿಗೆ ಬಿಡಿಸಿ, ಅಂದೇ ಗರ್ಭಕೋಶವನ್ನು ತೊಳೆದನೆಂದು ಇಟ್ಟುಕೊಳ್ಳೋಣ. ಅಷ್ಟು ವಯಸ್ಸಿನ ಕುದುರೆಯಲ್ಲಿ ಗರ್ಭವು ನಿಂತೇ ನಿಲ್ಲುವುದೆಂದು ಯಾರೂ ಭರವಸೆ ಕೊಡಲಾರರು. ಆದರೆ ಆ ಒಡೆಯನಿಗೆ ನಿಜವಾದ ಕಾರಣವು ತಿಳಿದಂತಾಯಿತು; ಔಷಧದ ಹಣವು ಉಳಿಯಿತು; ಮುಂದೆ ಆ ಮನೆಯ ಮಗುವಿಗೆ ಜ್ವರ ಬಂದಾಗ ಅದೇ ಔಷಧವು ಕೆಲಸ ಮಾಡುವ ಸಂಭವವೂ ಹೆಚ್ಚಿತು. ಇದು ಸಣ್ಣ ಲಾಭವಲ್ಲ.

ಊರಿನ ಕೆರೆಯ ನೀರನ್ನು ಒಬ್ಬನು ಕದಡಿದರೆ ಎಲ್ಲರೂ ಕದಡಿದ ನೀರನ್ನೇ ಕುಡಿಯಬೇಕಾಗುವುದು. ಆಂಟಿಬಯೋಟಿಕ್ ಔಷಧಗಳೂ ಕೆರೆಯ ನೀರಿನಂತೆ ಎಲ್ಲರ ಸೊತ್ತು. ಗ್ರಾಮದ ಮುಖ್ಯಸ್ಥರು ಈ ವಿಷಯವನ್ನು ಸಂತೆಯಲ್ಲಿಯೂ ದನಗಳ ಜಾತ್ರೆಯಲ್ಲಿಯೂ ರೈತರಿಗೆ ತಿಳಿಯಹೇಳಿ, ಯೋಗ್ಯತೆಯಿಲ್ಲದವರಿಂದ ಸೂಜಿ ಹಾಕಿಸುವ ಅಭ್ಯಾಸವನ್ನು ತಪ್ಪಿಸಿ, ಕಲಿತ ವೈದ್ಯರ ಮಾತಿಗೆ ಬೆಂಬಲವಾಗಿ ನಿಂತರೆ ಜಾನುವಾರುಗಳಿಗೂ ಜನರಿಗೂ ಕ್ಷೇಮವುಂಟಾಗುವುದರಲ್ಲಿ ಸಂದೇಹವಿಲ್ಲ.