ಪರದೇಶದ ಶಾಲೆಯಲ್ಲಿ ಹೆತ್ತವರ ಆತಿಥ್ಯ

ಬ್ರಿಟನ್, ಅಮೆರಿಕ, ದಕ್ಷಿಣ ಆಫ್ರಿಕಾ, ಫಿಲಿಪ್ಪೀನ್ಸ್ ಮುಂತಾದ ದೇಶಗಳಿಂದ ಬಂದು ಥಾಯ್ಲೆಂಡ್‌ನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಶಿಕ್ಷಕರು ವೀಸಾ ಮತ್ತು ಕೆಲಸದ ಪರವಾನಗಿಯ ಆಸರೆಯಲ್ಲಿ ಬದುಕುವವರಾದ್ದರಿಂದ, 90 ದಿನಗಳಿಗೊಮ್ಮೆ ವಲಸೆ ಇಲಾಖೆಗೆ ತಮ್ಮ ವಿಳಾಸವನ್ನು ತಿಳಿಸುತ್ತ, ವರ್ಷಗಳು ಉರುಳಿದರೂ ಕಾನೂನಿನ ದೃಷ್ಟಿಯಲ್ಲಿ ಪರದೇಶಿಗಳಾಗಿಯೇ ಉಳಿಯುತ್ತಾರೆ. ತಂದೆತಾಯಿ ನೋಡಲು ಬಂದಾಗ ಇವರೇ ಆತಿಥೇಯರಾಗಬೇಕಾಗುತ್ತದೆ. ಆದರೆ ಆ ಆತಿಥ್ಯದ ಬಹುಪಾಲನ್ನು ಹೊರುವುದು ಅವರು ಕಲಿಸುವ ಶಾಲೆ ಎಂಬುದು ಗಮನಿಸಬೇಕಾದ ಸಂಗತಿ.

ಮೊದಲ ತೊಡಕು ಪಂಚಾಂಗದ್ದು. ಥಾಯ್ ಶಾಲಾ ವರ್ಷವು ಮೇ ತಿಂಗಳ ನಡುವೆ ಆರಂಭವಾಗಿ, ಅಕ್ಟೋಬರ್‌ನಲ್ಲಿ ಕೆಲವು ವಾರ ಬಿಡುವು ಕೊಟ್ಟು, ನವೆಂಬರ್‌ನಿಂದ ಮಾರ್ಚ್‌ವರೆಗೆ ಮುಂದುವರಿಯುತ್ತದೆ. ಪಾಶ್ಚಾತ್ಯ ಹೆತ್ತವರಿಗೆ ಬಿಡುವಿರುವುದು, ಹವೆಯೂ ಹಿತವಾಗಿರುವುದು ಡಿಸೆಂಬರ್‌ನಲ್ಲಿ. ಆದರೆ ಬೌದ್ಧರೇ ಬಹುಸಂಖ್ಯಾತರಾದ ಈ ದೇಶದಲ್ಲಿ ಕ್ರಿಸ್‌ಮಸ್ ಸಾರ್ವಜನಿಕ ರಜೆಯಲ್ಲ, ಅಷ್ಟೇ ಅಲ್ಲದೆ ಅನೇಕ ಶಾಲೆಗಳಲ್ಲಿ ಅಂದಿನ ಹಾಡು, ನಾಟಕಗಳ ಹೊಣೆ ಇಂಗ್ಲಿಷ್ ಶಿಕ್ಷಕರ ಮೇಲೆಯೇ ಬೀಳುತ್ತದೆ. ದೀರ್ಘ ರಜೆ ಬರುವ ಏಪ್ರಿಲ್ ಅತ್ಯಂತ ಸೆಕೆಯ ತಿಂಗಳು; 13ರಿಂದ 15ರವರೆಗಿನ ಸೊಂಗ್‌ಕ್ರಾನ್, ಅಂದರೆ ನೀರೆರಚಿ ಆಚರಿಸುವ ಹೊಸವರ್ಷದ ಹಬ್ಬ, ಆ ಸೆಕೆಯನ್ನು ಸಹ್ಯವಾಗಿಸುತ್ತದೆಯಾದರೂ, ಉತ್ತರದ ಚಿಯಾಂಗ್ ಮಾಯ್ ಸುತ್ತಮುತ್ತ ಹೊಲ, ಕಾಡುಗಳಿಗೆ ಹಚ್ಚಿದ ಬೆಂಕಿಯ ಹೊಗೆ ಆಗ ವಯಸ್ಸಾದವರ ಉಸಿರಾಟಕ್ಕೆ ಕುತ್ತಾಗಬಹುದು.

ವಸತಿಯೂ ಸುಲಭವಲ್ಲ. ವಿದೇಶಿಯರು ತಂಗಿದ ಮನೆಯ ಒಡೆಯರು 24 ಗಂಟೆಗಳೊಳಗೆ ವಲಸೆ ಇಲಾಖೆಗೆ ಮಾಹಿತಿ ನೀಡಬೇಕೆಂಬ ನಿಯಮವಿದೆ; ಹೋಟೆಲುಗಳು ಈ ಕೆಲಸವನ್ನು ತಾವೇ ಮಾಡುತ್ತವೆ. ಅಡುಗೆಮನೆಯೇ ಇಲ್ಲದ ಒಂದು ಕೋಣೆಯ ಬಾಡಿಗೆ ವಾಸದಲ್ಲಿರುವ ಶಿಕ್ಷಕರಿಗಂತೂ ಸಮೀಪದ ಅತಿಥಿಗೃಹವೇ ಗತಿ.

ಹೆತ್ತವರ ಅನುಭವ ನಿಜವಾಗಿ ತುಂಬಿಬರುವುದು ಬ್ಯಾಂಕಾಕ್‌ನ ಅರಮನೆಯಲ್ಲಲ್ಲ, ಶಾಲೆಯ ಅಂಗಳದಲ್ಲಿ. ಬೆಳಗಿನ 8 ಗಂಟೆಗೆ ಧ್ವಜವೇರಿ ರಾಷ್ಟ್ರಗೀತೆ ಮುಗಿದ ಬಳಿಕ ಅವರನ್ನು ಮಕ್ಕಳೆದುರು ಪರಿಚಯಿಸುವುದುಂಟು. ಆಗ ಸಾಲಾಗಿ ನಿಂತ ಮಕ್ಕಳು ‘ವಾಯ್’ ಮಾಡುತ್ತಾರೆ, ಅಂದರೆ ಕೈಜೋಡಿಸಿ ತಲೆಬಾಗುತ್ತಾರೆ. ಇದನ್ನು ಮೊದಲು ಮಾಡಬೇಕಾದವರು ಕಿರಿಯರು ಎಂಬ ಕ್ರಮವನ್ನು ಹೆತ್ತವರಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು. ಜೂನ್ ವೇಳೆಗೆ ಬಂದವರಿಗೆ ‘ವಾಯ್ ಖ್ರೂ’ ಎಂಬ ಗುರುವಂದನೆಯನ್ನು ಕಾಣುವ ಭಾಗ್ಯವಿದೆ. ಸಾಮಾನ್ಯವಾಗಿ ಗುರುವಾರದಂದೇ ನಡೆಯುವ ಈ ವಿಧಿಯಲ್ಲಿ ಮಕ್ಕಳು ಗರಿಕೆ, ಕೇಪಳ, ಬದನೆ ಹೂಗಳನ್ನು ಜೋಡಿಸಿದ ತಟ್ಟೆಗಳನ್ನು ಹಿಡಿದು ಶಿಕ್ಷಕರ ಮುಂದೆ ಮೊಣಕಾಲೂರುತ್ತಾರೆ; ಹಬ್ಬಿ ಬೆಳೆಯುವ ಗರಿಕೆ ಛಲಕ್ಕೂ, ಮೊನಚಾದ ಕೇಪಳದ ಮೊಗ್ಗು ಚುರುಕುಬುದ್ಧಿಗೂ, ತಲೆ ಬಾಗಿಸುವ ಬದನೆ ಹೂ ವಿನಯಕ್ಕೂ ಸಂಕೇತ. ಕನ್ನಡ ಓದುಗರಿಗೆ ಈ ಭಾವ ಹೊಸದಲ್ಲ. ಆದರೆ ಶಿಕ್ಷಕ ವೃತ್ತಿಗೆ ಇಂಥ ಪೂಜ್ಯತೆ ಇಲ್ಲದ ಸಮಾಜದಿಂದ ಬಂದ ತಂದೆತಾಯಿಗೆ, ಮಗಳೋ ಮಗನೋ ದೂರದೇಶದಲ್ಲಿ ಕಾಲ ಕಳೆಯುತ್ತಿದ್ದಾರೆ ಎಂಬ ಹಳೆಯ ಕೊರಗನ್ನು ನೀಗಲು ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಅಂದಿನ ಸಂಜೆಯ ಊಟಕ್ಕೆ ಸಹೋದ್ಯೋಗಿಗಳು ಕರೆಯುವುದೂ ಸಾಮಾನ್ಯ. ತಟ್ಟೆಗಳನ್ನು ನಡುವೆ ಇಟ್ಟು ಎಲ್ಲರೂ ಹಂಚಿಕೊಂಡು ಉಣ್ಣುವ ಆ ಪಂಕ್ತಿಯಲ್ಲಿ ಹಣ ಕೊಡುವವರು ಸಾಮಾನ್ಯವಾಗಿ ಹಿರಿಯರು ಅಥವಾ ಕರೆದವರು. ಅತಿಥಿಗಳು ತಮ್ಮ ಪಾಲನ್ನು ಲೆಕ್ಕಹಾಕಿ ಕೊಡಲು ಹೋದರೆ ಕರೆದವರಿಗೆ ಮುಜುಗರವಾಗುತ್ತದೆ. ಊರಿನಿಂದ ತಂದ ತಿಂಡಿಯ ಪೊಟ್ಟಣವನ್ನು ಮುಖ್ಯಸ್ಥರಿಗೂ ಸಹಶಿಕ್ಷಕರಿಗೂ ಕೊಡುವುದು ಅಲ್ಲಿನ ರೂಢಿಗೆ ಒಪ್ಪುವ ಕ್ರಮ.